ಬೀಡಿ ಬಿಡಿಸುವ ವಿದ್ಯುತ್ ಸಿಗರೇಟು: ವೈದ್ಯರು ಏನನ್ನುತ್ತಾರೆ?

(ಸಂಘದ ಆರೋಗ್ಯ ಸಮಿತಿಯ ಆಶ್ರಯದಲ್ಲಿ, ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣಕ್ಕೆ ಒಬ್ಬ ಡಾಕ್ಟರರನ್ನು ಕರೆಯಬೇಕೆಂದು ಸಮಿತಿಯಲ್ಲಿ ಮೊದಲು ಮಾತಾಯಿತು. ಆಗ ನಮ್ಮ ಕಾರ್ಯದರ್ಶಿಗಳು, "ಒಬ್ಬ ಡಾಕ್ಟರರು ಬಂದರೆ ಒಬ್ಬರ ಅಭಿಪ್ರಾಯ ತಿಳಿದೀತು, ಈ ವಿಷಯದಲ್ಲಿ ಡಾಕ್ಟರರು ಡಾಕ್ಟರರೇ ಏಕೆ ಜಗಳಾಡುತ್ತಿದ್ದಾರೆ ಎಂಬುದು ನಮಗೆ ತಿಳಿಯಬೇಕಾಗಿದೆ" ಎಂದು ಹೇಳಿ, ಈ ಹೊರೆಯನ್ನು ನನ್ನ ತಲೆಗೆ ಕಟ್ಟಿದರು. ನಾನು ಊರಿನಲ್ಲಿ ಏಳನೆಯ ತರಗತಿ ಮುಗಿಸಿದವನು. ಮುಂಬಯಿಗೆ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವಲ್ಲಿಂದ ಸಪ್ಲಾಯರ್ ಕೆಲಸದವರೆಗೆ ದುಡಿದು, ಈಗ ಸಂಘದ ಕೆಲಸ ನೋಡುತ್ತಿರುವವನು. ವೈದ್ಯಶಾಸ್ತ್ರ ನನಗೆ ಬಾರದು. ಓದಿ ತಿಳಿದುದನ್ನೂ ಬಲ್ಲವರನ್ನು ಕೇಳಿ ತಿಳಿದುದನ್ನೂ ನಮ್ಮ ಮಾತಿನಲ್ಲಿ ನಿಮ್ಮ ಮುಂದೆ ಇಡುತ್ತೇನೆ. ನಡುವೆ ಪ್ರಶ್ನೆ ಕೇಳಬಹುದು. ಚಹಾ ಬಂದಾಗ ಮಾತ್ರ ನಾನೂ ನಿಲ್ಲಿಸುತ್ತೇನೆ.

ಕೆಲವು ತಿಂಗಳಿಂದ ನಮ್ಮ ಸದಸ್ಯರಲ್ಲಿ ಕೆಲವರ ಕಿಸೆಯಲ್ಲಿ ಪೆನ್ನಿನಂಥ, ಬಣ್ಣಬಣ್ಣದ ಒಂದು ವಸ್ತು ಕಾಣಿಸುತ್ತಿದೆ. ಅದನ್ನು ಗುಟ್ಟಾಗಿ ಮಾರುವವನು, "ಇದು ಬೀಡಿ ಸಿಗರೇಟು ಬಿಡಿಸುವ ಔಷಧ, ಲಂಡನ್ನಿನ ಸರಕಾರೀ ಡಾಕ್ಟರರು ಇದನ್ನು ಪುಕ್ಕಟೆ ಹಂಚುತ್ತಾರೆ" ಎನ್ನುತ್ತಾನಂತೆ. ಇದು ನಿಜವೋ, ಟೋಪಿ ಹಾಕುವ ಮಾತೋ ಎಂದು ಹಲವರು ಕೇಳಿದ್ದಾರೆ. ಲಂಡನ್ನಿನ ಮಾತು ಬಹುಮಟ್ಟಿಗೆ ನಿಜ. ಅದೇ ಮಾತನ್ನು ಹೇಳಿ ಇಲ್ಲಿ ಮಾರುವವನು ಮಾತ್ರ ನಿಮಗೆ ಟೋಪಿ ಹಾಕುತ್ತಿದ್ದಾನೆ. ಎರಡೂ ಹೇಗೆ ಏಕಕಾಲದಲ್ಲಿ ನಿಜವಾಗುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲು ಈ ಯಂತ್ರವೇನೆಂದು ನೋಡೋಣ. ಇದಕ್ಕೆ ಇ-ಸಿಗರೇಟು ಎಂದೂ ವೇಪ್ ಎಂದೂ ಹೆಸರು. ಒಳಗೆ ಒಂದು ಬ್ಯಾಟರಿ, ಕಾಯುವ ಒಂದು ತಂತಿಯ ಸುರುಳಿ, ಸ್ವಲ್ಪ ದ್ರವ. ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸುವಾಸನೆ, ನಿಕೋಟಿನ್. ಎಳೆದಾಗ ತಂತಿ ಕಾದು ದ್ರವ ಆವಿಯಂತಾಗಿ ಎದೆಗೆ ಇಳಿಯುತ್ತದೆ. ಈಗಿನ ರೂಪದ ಯಂತ್ರವನ್ನು ೨೦೦೩ರ ಸುಮಾರಿಗೆ ಮಾಡಿದವನು ಚೀನದ ಹೋನ್ ಲಿಕ್ ಎಂಬ ಔಷಧತಜ್ಞ. ಆತನೂ ವಿಪರೀತ ಸಿಗರೇಟು ಸೇದುತ್ತಿದ್ದವನೇ; ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ಇದರ ಹಿಂದಿನ ತರ್ಕ ಅಡುಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಇದ್ದಿಲ ಭಟ್ಟಿಯ ಮುಂದೆ ನಿಂತವನಿಗೆ ಹೊಗೆ ಏನೆಂದು ಗೊತ್ತು. ಏನನ್ನಾದರೂ ಸುಟ್ಟರೆ ಅದರಿಂದ ಡಾಂಬರಿನಂಥ ಕಿಟ್ಟವೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಡುತ್ತವೆ. ಬೀಡಿ ಸಿಗರೇಟುಗಳಲ್ಲಿ ಚಟ ಹತ್ತಿಸುವುದು ನಿಕೋಟಿನ್. ಕ್ಯಾನ್ಸರನ್ನೂ ಎದೆರೋಗವನ್ನೂ ತರುವುದು ಮುಖ್ಯವಾಗಿ ಈ ಸುಟ್ಟ ಹೊಗೆ. ಲಂಡನ್ನಿನ ಮೈಕೆಲ್ ರಸೆಲ್ ಎಂಬ ಮನೋವೈದ್ಯರು ಇದನ್ನು ೧೯೭೬ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದರು. ಹಾಗಾದರೆ ಸುಡದೆ ನಿಕೋಟಿನ್ ಕೊಟ್ಟರೆ? ಇದೇ ಪ್ರಶ್ನೆಯಿಂದ ನಿಕೋಟಿನ್ ಚೂಯಿಂಗ್ ಗಮ್ ಹುಟ್ಟಿತು, ಚರ್ಮಕ್ಕೆ ಅಂಟಿಸುವ ಪಟ್ಟಿ ಹುಟ್ಟಿತು, ಕೊನೆಗೆ ಈ ಯಂತ್ರವೂ ಬಂತು. ಹಾಗೆಂದು ಇದರ ಆವಿಯನ್ನು ಇಡ್ಲಿ ಪಾತ್ರೆಯ ಹಬೆಯೆಂದು ತಿಳಿಯಬೇಡಿ. ಅದರಲ್ಲಿ ನಿಕೋಟಿನ್ ಇದೆ, ಕಾದ ದ್ರವದಿಂದ ಹುಟ್ಟುವ ಫಾರ್ಮಾಲ್ಡಿಹೈಡಿನಂಥ ವಸ್ತುಗಳಿವೆ, ತಂತಿಯಿಂದ ಬಿಟ್ಟ ಲೋಹದ ಕಣಗಳಿರುತ್ತವೆ. ಸಿಗರೇಟಿಗಿಂತ ಕಡಿಮೆ, ಆದರೆ ಶೂನ್ಯವಲ್ಲ.

ಈಗ ಇಂಗ್ಲೆಂಡಿನ ವೈದ್ಯರ ವಿಚಾರ. ಅಲ್ಲಿಯವರ ಮಾತಿಗೆ ತೂಕ ಬರಲು ಕಾರಣವಿದೆ. ೧೯೫೦ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಲೆಕ್ಕ ಸಮೇತ ತೋರಿಸಿದರು. ಡಾಲ್ ಅವರು ತಾವೇ ಸೇದುತ್ತಿದ್ದವರು; ಲೆಕ್ಕ ಕೈಗೆ ಬರುತ್ತಲೂ ಬಿಟ್ಟರು. ೧೯೫೧ರಲ್ಲಿ ಇವರು ದೇಶದ ವೈದ್ಯರಿಗೆಲ್ಲ ಪತ್ರ ಬರೆದು "ನೀವು ಸೇದುತ್ತೀರಾ?" ಎಂದು ಕೇಳಿದರು. ಸುಮಾರು ೪೦ ಸಾವಿರ ವೈದ್ಯರು ಉತ್ತರಿಸಿದರು. ಆ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ ೨೦೦೪ರಲ್ಲಿ ಕೊನೆಯ ಲೆಕ್ಕ ಹೊರಬಂತು: ಜೀವಮಾನವಿಡೀ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ೬೦ರಲ್ಲಿ ಬಿಟ್ಟವರು ೩ ವರ್ಷ, ೫೦ರಲ್ಲಿ ಬಿಟ್ಟವರು ೬, ೪೦ರಲ್ಲಿ ಬಿಟ್ಟವರು ೯ ವರ್ಷ ಗಳಿಸಿದ್ದರು. ೩೦ರಲ್ಲಿ ಬಿಟ್ಟವರಿಗೆ ಹತ್ತಕ್ಕೆ ಹತ್ತೂ ವಾಪಸು ಬಂದಿತ್ತು. ಇಲ್ಲಿ ನಲವತ್ತರ ಆಚೀಚೆಯವರೇ ಹೆಚ್ಚು ಕುಳಿತಿದ್ದೀರಿ. ಆ ಒಂಬತ್ತು ವರ್ಷವನ್ನು ಊರಿನಲ್ಲಿರುವ ಮಕ್ಕಳ ವಯಸ್ಸಿಗೆ ಕೂಡಿಸಿ ನೋಡಿ.

ಅದೇ ದೇಶದಲ್ಲಿ ೨೦೧೫ರಲ್ಲಿ ಸರಕಾರದ ಸಾರ್ವಜನಿಕ ಆರೋಗ್ಯ ಸಂಸ್ಥೆ, ಇ-ಸಿಗರೇಟು ಸಿಗರೇಟಿಗಿಂತ ನೂರಕ್ಕೆ ೯೫ ಪಾಲು ಕಡಿಮೆ ಅಪಾಯಕಾರಿ ಎಂದು ಅಂದಾಜು ಮಾಡಿತು. ಈ ೯೫ ಎಂಬ ಅಂಕಿ ಬಹಳ ದೂರ ಓಡಿದೆ. ನಮ್ಮ ಪೆನ್ನು ಮಾರುವವನ ಬಾಯಿಗೂ ಬಂದಿದೆ. ಅದು ಪ್ರಯೋಗಶಾಲೆಯಲ್ಲಿ ತೂಗಿ ಬಂದುದಲ್ಲ, ಕೆಲವು ತಜ್ಞರು ಕುಳಿತು ಮಾಡಿದ ಅಂದಾಜು. ಅದರ ಬುನಾದಿ ಸಡಿಲವೆಂದು ಲಂಡನ್ನಿನದೇ ಆದ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆ ಕೂಡಲೇ ಸಂಪಾದಕೀಯ ಬರೆಯಿತು. ಮರುವರ್ಷ, ೨೦೧೬ರಲ್ಲಿ, ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ಹಿರಿಯ ವೈದ್ಯರ ಸಂಸ್ಥೆ, ಸೇದುವವರಿಗೆ ಬದಲಿಯಾಗಿ ಇದನ್ನು ಪ್ರೋತ್ಸಾಹಿಸಬಹುದು ಎಂದಿತು. ೧೯೬೨ರಲ್ಲಿ ಧೂಮಪಾನದ ವಿರುದ್ಧ ಪ್ರಸಿದ್ಧ ವರದಿ ಕೊಟ್ಟ ಸಂಸ್ಥೆಯೇ ಇದು. ಆದ್ದರಿಂದ ಇವರು ಸಿಗರೇಟು ಕಂಪೆನಿಯ ಜನ ಎಂದು ತಳ್ಳಿಹಾಕುವಂತಿಲ್ಲ.

ಮುಂದೆ ಪರೀಕ್ಷೆ ಬಂತು. ೨೦೧೯ರಲ್ಲಿ ಪೀಟರ್ ಹಾಯೆಕ್ ಮತ್ತು ಸಂಗಡಿಗರು, ಧೂಮಪಾನ ಬಿಡಲೆಂದು ಇಂಗ್ಲೆಂಡಿನ ಸರಕಾರೀ ಕೇಂದ್ರಗಳಿಗೆ ಬಂದ ೮೮೬ ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಇ-ಸಿಗರೇಟನ್ನೂ ಇನ್ನೊಂದಕ್ಕೆ ಗಮ್, ಪಟ್ಟಿ ಮುಂತಾದುವನ್ನೂ ಕೊಟ್ಟರು. ಒಂದು ವರ್ಷದ ನಂತರ ಯಂತ್ರ ಪಡೆದವರಲ್ಲಿ ನೂರಕ್ಕೆ ೧೮ ಮಂದಿ, ಗಮ್ ಪಟ್ಟಿ ಪಡೆದವರಲ್ಲಿ ನೂರಕ್ಕೆ ಸುಮಾರು ೧೦ ಮಂದಿ ಸಿಗರೇಟು ಬಿಟ್ಟಿದ್ದರು. ಎಂದರೆ ಸುಮಾರು ಎರಡು ಪಟ್ಟು. ಆದರೆ ಹೀಗೆ ಬಿಟ್ಟವರಲ್ಲಿ ನೂರಕ್ಕೆ ೮೦ ಮಂದಿ ವರ್ಷ ಕಳೆದರೂ ಆ ಯಂತ್ರವನ್ನು ಕೈಬಿಟ್ಟಿರಲಿಲ್ಲ. ಗಮ್ ಪಟ್ಟಿಯವರಲ್ಲಿ ಹಾಗೆ ಅಂಟಿಕೊಂಡವರು ನೂರಕ್ಕೆ ೯ ಮಾತ್ರ.

ಡಾಕ್ಟರರ ಜಗಳವೆಲ್ಲ ಇಲ್ಲಿದೆ, ಬಂಧುಗಳೇ. ಒಬ್ಬರು ಆ ೧೮ನ್ನು ನೋಡಿ "ಹೊಗೆ ತಪ್ಪಿತು, ಜೀವ ಉಳಿಯಿತು" ಎನ್ನುತ್ತಾರೆ. ಇನ್ನೊಬ್ಬರು ೮೦ನ್ನು ನೋಡಿ "ಚಟ ಹೋಗಲಿಲ್ಲ, ಅಂಗಡಿ ಬದಲಾಯಿತು" ಎನ್ನುತ್ತಾರೆ. ಕಾಯಿದೆಪುಸ್ತಕದ ಭಾಷೆಯಲ್ಲಿ ಇಬ್ಬರೂ ಸುಳ್ಳು ಸಾಕ್ಷಿಯಲ್ಲ. ಬೇರೆ ಬೇರೆ ದೇಶಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರನ್ ಎಂಬ ಸಂಸ್ಥೆ ೨೦೨೨ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದೇ: ನೂರು ಮಂದಿ ನಿಕೋಟಿನ್ ಯಂತ್ರ ಹಿಡಿದರೆ ೮ರಿಂದ ೧೨ ಮಂದಿ, ಗಮ್ ಪಟ್ಟಿ ಹಿಡಿದರೆ ೬ ಮಂದಿ, ಅಂಥದೇನೂ ಇಲ್ಲದಿದ್ದರೆ ೪ ಮಂದಿ ಬಿಟ್ಟಾರು. ದೀರ್ಘಕಾಲದ ಹಾನಿಯನ್ನು ಅಳೆಯಲು ಇನ್ನೂ ವರ್ಷಗಳು ಬೇಕೆಂದೂ ಅದು ಸೇರಿಸಿತು. ನೂರರಲ್ಲಿ ತೊಂಬತ್ತು ಮಂದಿ ಏನು ಹಿಡಿದರೂ ಮೊದಲ ಸಲಕ್ಕೆ ಬಿಡಲಾರರು ಎಂಬುದೂ ಈ ಲೆಕ್ಕದಲ್ಲೇ ಇದೆ. ಆದ್ದರಿಂದ ಒಂದು ಸಲ ಬಿಟ್ಟು ಮತ್ತೆ ಸೇದಿದವನನ್ನು ಖೋಲಿಯಲ್ಲಿ ಗೇಲಿ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಇಂಗ್ಲೆಂಡು ೨೦೨೩ರಲ್ಲಿ ಹತ್ತು ಲಕ್ಷ ಜನಕ್ಕೆ ಈ ಯಂತ್ರವನ್ನು ಸಲಹೆಯೊಡನೆ ಪುಕ್ಕಟೆ ಕೊಡುವ ಯೋಜನೆ ಸಾರಿತು. ಅದೇ ದೇಶ, ಶಾಲೆಯ ಮಕ್ಕಳ ಕೈಯಲ್ಲಿ ಇವು ಕಾಣತೊಡಗಿದ ಮೇಲೆ, ಒಮ್ಮೆ ಬಳಸಿ ಎಸೆಯುವ ಅಗ್ಗದ ಯಂತ್ರಗಳ ಮಾರಾಟವನ್ನು ೨೦೨೫ರ ಜೂನ್ ೧ರಿಂದ ನಿಷೇಧಿಸಿತು. ಆಸ್ಟ್ರೇಲಿಯವು ೨೦೨೪ರಲ್ಲಿ ಬೀದಿ ಅಂಗಡಿಗಳಿಂದ ತೆಗೆಸಿ ಔಷಧದ ಅಂಗಡಿಗೆ ಮಾತ್ರ ಸೀಮಿತಗೊಳಿಸಿತು; ಅಲ್ಲಿನ ಡಾಕ್ಟರರು ಮೊದಲು ಗಮ್, ಪಟ್ಟಿ, ಮಾತ್ರೆ ನೋಡಿ, ಅವು ಫಲಿಸದಿದ್ದರೆ ಮಾತ್ರ ಇದರ ಮಾತೆತ್ತಬೇಕೆಂಬ ಪಕ್ಷದವರು.

ಅಮೆರಿಕದಲ್ಲಿ ವೈದ್ಯರಿಗೆ ಹೆದರಿಕೆ ಹತ್ತಿದ್ದು ೨೦೧೯ರಲ್ಲಿ. ಯಂತ್ರ ಎಳೆದ ಯುವಕರು ಉಸಿರು ಕಟ್ಟಿ ಆಸ್ಪತ್ರೆ ಸೇರತೊಡಗಿದರು. ೨೦೨೦ರ ಫೆಬ್ರವರಿ ಹೊತ್ತಿಗೆ ೨,೮೦೭ ಮಂದಿಯ ಲೆಕ್ಕ ಸಿಕ್ಕಿತು. ಅವರಲ್ಲಿ ೬೮ ಮಂದಿ ಸತ್ತಿದ್ದರು. ಹುಡುಕಿದಾಗ, ಹೆಚ್ಚಿನವರು ಎಳೆದದ್ದು ಗಾಂಜಾದ ಸತ್ವವಿದ್ದ, ಕಳ್ಳಪೇಟೆಯ ದ್ರವ. ಅದಕ್ಕೆ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು ಬೆರೆಸಿದ್ದರು. ಸಾಧಾರಣ ನಿಕೋಟಿನ್ ಯಂತ್ರದ ಮೇಲೆ ಈ ಸಾವುಗಳನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಕಳ್ಳಪೇಟೆಯ ದ್ರವದಲ್ಲಿ ಏನಿದೆ ಎಂಬುದನ್ನು ಎಳೆಯುವವನು ತಿಳಿಯಲಾರ ಎಂಬ ಪಾಠ ಅದರಲ್ಲಿದೆ. ನಮ್ಮಲ್ಲಿ ಸಿಗುವುದೆಲ್ಲ ಕಳ್ಳಪೇಟೆಯದೇ.

ವೈದ್ಯರೂ ಮನುಷ್ಯರು ಎಂಬುದಕ್ಕೆ ಇನ್ನೊಂದು ನಿದರ್ಶನ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಡಾಕ್ಟರರನ್ನು ಪ್ರಶ್ನಿಸಿ ೨೦೨೦ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ನೂರಕ್ಕೆ ಸುಮಾರು ೮೦ ಮಂದಿ ನಿಕೋಟಿನ್ನೇ ನೇರವಾಗಿ ಕ್ಯಾನ್ಸರ್ ತರುತ್ತದೆಂದು ನಂಬಿದ್ದರು. ಅದು ಸರಿಯಲ್ಲ; ನಿಕೋಟಿನ್ ಚಟ ಹಿಡಿಸುತ್ತದೆ, ಗರ್ಭಿಣಿಯರಿಗೂ ಎಳೆಯರ ಮೆದುಳಿಗೂ ಒಳ್ಳೆಯದಲ್ಲ, ಆದರೆ ಕ್ಯಾನ್ಸರಿನ ಮುಖ್ಯ ಅಪರಾಧಿ ಹೊಗೆ. ಹೀಗೆ ನಂಬಿದ ಡಾಕ್ಟರರು ಗಮ್ ಬರೆದುಕೊಡಲೂ ಹಿಂಜರಿಯುತ್ತಾರೆ. ರೋಗಿ ಬೀಡಿಗೇ ಮರಳುತ್ತಾನೆ. ನನಗೆ ಅನಿಸುವುದೇನೆಂದರೆ, ಡಾಕ್ಟರರ ಅಭಿಪ್ರಾಯವೂ ಅವರು ಕುಳಿತ ಕುರ್ಚಿಯನ್ನು ಅನುಸರಿಸುತ್ತದೆ. ಎದೆರೋಗದ ವಾರ್ಡಿನಲ್ಲಿ ನಲವತ್ತು ವರ್ಷ ಸೇದಿ ಉಬ್ಬಸ ಪಡುವವನನ್ನು ನೋಡುವವರು "ಏನಾದರೂ ಕೊಡಿ, ಹೊಗೆ ನಿಲ್ಲಲಿ" ಎನ್ನುತ್ತಾರೆ. ಮಕ್ಕಳ ಡಾಕ್ಟರರು "ಈ ಮಾವಿನಹಣ್ಣಿನ ಪರಿಮಳ ಯಾರಿಗಾಗಿ?" ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಕಂಪೆನಿಯವರು ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಇನ್ನು ನಮ್ಮ ದೇಶ. ಕರ್ನಾಟಕ ಸರಕಾರ ೨೦೧೬ರಲ್ಲೇ ಇದರ ಮಾರಾಟ ನಿಲ್ಲಿಸಿತು. ೨೦೧೯ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪೂರ್ತಿ ನಿಷೇಧ ಬೇಕೆಂದು ಸಲಹೆ ಮಾಡಿತು. ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಅದೇ ವರ್ಷ ಕಾಯಿದೆ. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ: ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಡಲು ಜಾಗ ಕೊಟ್ಟವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ೫೦ ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಪರಿಚಯದವನು "ಅಣ್ಣ, ಈ ಪೆಟ್ಟಿಗೆ ಎರಡು ದಿನ ನಿಮ್ಮ ಖೋಲಿಯಲ್ಲಿರಲಿ" ಎಂದರೆ ಇಟ್ಟುಕೊಳ್ಳಬೇಡಿ. ಪೊಲೀಸರು ಬಂದರೆ ಸಿಕ್ಕಿಬೀಳುವವರು ಪೆಟ್ಟಿಗೆಯ ಒಡೆಯರಲ್ಲ, ಖೋಲಿಯಲ್ಲಿ ಮಲಗಿದ ನಮ್ಮ ಹುಡುಗರು.

ಆಗ ಎಲ್ಲ ವೈದ್ಯರೂ ಈ ಕಾಯಿದೆಗೆ ಒಪ್ಪಿರಲಿಲ್ಲ. ಸುಡುವ ಸಿಗರೇಟನ್ನು ಮೂಲೆ ಮೂಲೆಯಲ್ಲಿ ಮಾರಲು ಬಿಟ್ಟು, ಸುಡದಿರುವುದನ್ನು ನಿಷೇಧಿಸುವುದು ಯಾವ ನ್ಯಾಯವೆಂದು ಕೆಲವರು ಕೇಳಿದರು. ಈ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ. ಸರಕಾರೀ ಜೀವವಿಮಾ ನಿಗಮದ ಕೈಯಲ್ಲಿ ದೇಶದ ಅತಿ ದೊಡ್ಡ ಸಿಗರೇಟು ಕಂಪೆನಿಯ ಶೇರುಗಳಿವೆ. ಹುಣಸೂರು, ಪಿರಿಯಾಪಟ್ಟಣದ ರೈತರು ಹೊಗೆಸೊಪ್ಪಿನಿಂದ ಬದುಕುತ್ತಾರೆ. ನಮ್ಮ ದಕ್ಷಿಣ ಕನ್ನಡದಲ್ಲಿ ತಾಯಿ ಅಕ್ಕಂದಿರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿದ ದುಡ್ಡಿನಿಂದಲೇ ಶಾಲೆಯ ಪುಸ್ತಕ ಬಂದವರು ಈ ಸಭೆಯಲ್ಲಿ ಎಷ್ಟು ಮಂದಿಯಿಲ್ಲ? ಆ ಗಂಟು ಇಂದಿನ ಭಾಷಣದಲ್ಲಿ ಬಿಡಿಸುವಂಥದಲ್ಲ.

ಆದರೆ ಇಂಗ್ಲೆಂಡಿನ ಲೆಕ್ಕವನ್ನು ನಮ್ಮ ಖೋಲಿಗೆ ಹಾಗೆಯೇ ತರಲು ಬರುವುದಿಲ್ಲ. ಅಲ್ಲಿಯ ಪರೀಕ್ಷೆಯಲ್ಲಿದ್ದವರು ಸಿಗರೇಟಿನವರು. ಅವರಿಗೆ ಮೊದಲ ನಾಲ್ಕು ವಾರವಾದರೂ ವಾರವಾರ ಸಲಹೆಗಾರರು ಸಿಕ್ಕಿದ್ದರು. ದ್ರವದಲ್ಲಿ ಏನಿದೆಯೆಂದು ಗೊತ್ತಿತ್ತು. ಭಾರತದಲ್ಲಿ ೨೦೧೬-೧೭ರ ದೊಡ್ಡ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ೪ ಮಂದಿ ಸಿಗರೇಟು, ಸುಮಾರು ೮ ಮಂದಿ ಬೀಡಿ, ೨೧ ಮಂದಿ ಅಗಿಯುವ ತಂಬಾಕು ಬಳಸುತ್ತಿದ್ದರು. ನಮ್ಮ ಅಡುಗೆಮನೆಗಳಲ್ಲಿ ಸೇದುವವರಿಗಿಂತ ತುಟಿಯ ಒಳಗೆ ಚಿಟಿಕೆ ಇಟ್ಟುಕೊಳ್ಳುವವರು ಹೆಚ್ಚು. ಕೈಗೆ ಕೆಲಸ ನಿಲ್ಲಬಾರದಲ್ಲ! ಅವರ ಬಾಯಿಯ ಕ್ಯಾನ್ಸರಿಗೆ ಲಂಡನ್ನಿನ ಯಂತ್ರದಲ್ಲಿ ಉತ್ತರವಿಲ್ಲ.

ಇನ್ನೊಂದು ವಿಷಯದಲ್ಲಿ ಎಲ್ಲ ಪಕ್ಷದ ಡಾಕ್ಟರರೂ ಒಂದೇ ಮಾತು ಆಡುತ್ತಾರೆ. ಹಗಲು ಯಂತ್ರ, ರಾತ್ರಿ ಬೀಡಿ ಎಂದು ಎರಡನ್ನೂ ನಡೆಸುವುದು ಬಿಟ್ಟಂತಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ ಹೃದಯರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವನದರ ಸುಮಾರು ಅರ್ಧದಷ್ಟಿರುತ್ತದೆಂದು ೨೦೧೮ರ ಒಂದು ದೊಡ್ಡ ಲೆಕ್ಕ ತೋರಿಸಿದೆ. ಇನ್ನು, ಯಂತ್ರ ಹಿಡಿದು ಈಗಾಗಲೇ ಬೀಡಿಯನ್ನು ಪೂರ್ತಿ ಬಿಟ್ಟವರು ಇಬ್ಬರೋ ಮೂವರೋ ಇಲ್ಲಿದ್ದೀರಿ. ಹೆಸರು ಹೇಳುವುದಿಲ್ಲ. ಹೆದರಿ ಬೀಡಿಗೆ ವಾಪಸು ಹೋಗಬೇಡಿ. ಡಾಕ್ಟರರ ಮುಂದೆ ಮುಚ್ಚಿಡದೆ ಹೇಳಿ, ಆ ನಿಕೋಟಿನ್ನಿನ ಜಾಗಕ್ಕೆ ಗಮ್ ಹಿಡಿದು ಮೆಲ್ಲನೆ ಇಳಿಸಿಕೊಳ್ಳಿ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯ ತಳದಿಂದ ಹೊರಗೆ ತೆಗೆಯಿರಿ.

ಕಾನೂನಿನೊಳಗೆ ನಮಗೆ ಸಿಗುವುದು ಇಷ್ಟು. ೧೮೦೦-೧೧-೨೩೫೬ ಎಂಬ ಸರಕಾರೀ ದೂರವಾಣಿ. ದುಡ್ಡಿಲ್ಲ, ಬೀಡಿ ಸಿಗರೇಟಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಇಲ್ಲಿಯ ಟಾಟಾ ಸ್ಮಾರಕ ಕೇಂದ್ರ ಮುಂತಾದವು ಈ ಕೆಲಸದಲ್ಲಿ ಸೇರಿವೆ. ಹಿಂದಿ ಬಾರದೆ ಹೆದರುವವರು ಕನ್ನಡದಲ್ಲಿ ಮಾತಾಡುವವರನ್ನು ಕೇಳಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ. ಅಗಿಯುವವರಿಗೂ ಇದೇ ನಂಬರು. ಮಾತ್ರೆಗಳೂ ಇವೆ, ಬ್ಯುಪ್ರೊಪಿಯಾನ್, ವರೆನಿಕ್ಲಿನ್ ಎಂದು. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಇವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರರ ಚೀಟಿಯಿಲ್ಲದೆ ನುಂಗತಕ್ಕದ್ದಲ್ಲ.

೨ ಮಿಲಿಗ್ರಾಮಿನ ನಿಕೋಟಿನ್ ಗಮ್ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಅದನ್ನು ನಮ್ಮವರು ಮಕ್ಕಳ ಚೂಯಿಂಗ್ ಗಮ್ಮಿನಂತೆ ಪಚಪಚ ಅಗಿದು, "ಗಂಟಲು ಉರಿಯಿತು, ಬಿಕ್ಕಳಿಕೆ ಬಂತು" ಎಂದು ಉಗಿಯುತ್ತಾರೆ. ಹಾಗಲ್ಲ. ಮೆಲ್ಲನೆ ಕೆಲವು ಸಲ ಅಗಿಯಬೇಕು. ಮೆಣಸಿನಂತೆ ಚುರುಕು ಹತ್ತುತ್ತಲೂ ನಿಲ್ಲಿಸಿ ಕೆನ್ನೆ ವಸಡುಗಳ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿಂದ ಕಾಫಿ, ಸೋಡಾ, ಹಣ್ಣಿನ ರಸ ಕುಡಿಯಕೂಡದು. ಕುಡಿದರೆ ಬಾಯಿಯಲ್ಲಿ ಹುಳಿಯೇರಿ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಗಳಿಗೆಗೊಂದು ಕಾಫಿ ಕುಡಿಯುವ ಹೋಟೆಲಿನವರಿಗೆ ಗಮ್ ಏಕೆ ಹತ್ತುವುದಿಲ್ಲ ಎಂಬುದರ ಗುಟ್ಟು ಬಹುಶಃ ಇಲ್ಲಿದೆ.

ಕೊನೆಗೆ, ಯಾವ ಡಾಕ್ಟರರ ವರದಿಯಲ್ಲೂ ನಾನು ಕಾಣದ ಒಂದು ಸಂಗತಿ. ನಾನು ದುಡಿದ ಒಂದು ಹೋಟೆಲಿನಲ್ಲಿ, ಹಿತ್ತಲ ಬಾಗಿಲಿಗೆ ಹೋಗಿ ಐದು ನಿಮಿಷ ನಿಲ್ಲಲು ಅವಕಾಶವಿದ್ದುದು ಸೇದುವವರಿಗೆ ಮಾತ್ರ. "ಬೀಡಿ ಸೇದಿ ಬರುತ್ತೇನೆ" ಎಂದರೆ ಯಜಮಾನರು ಸುಮ್ಮನಿರುತ್ತಿದ್ದರು. "ಕಾಲು ನೋಯುತ್ತದೆ, ಸ್ವಲ್ಪ ಕೂರುತ್ತೇನೆ" ಎಂದರೆ ಗಲ್ಲೆಯಿಂದ ಬೈಗುಳ ಬರುತ್ತಿತ್ತು. ಹೊಸದಾಗಿ ಬಂದ ಹುಡುಗ ಇದನ್ನು ಎಂಟು ದಿನದಲ್ಲಿ ಕಲಿಯುತ್ತಾನೆ. ಕೂರಲು ಬಿಡುವಿಲ್ಲದ ಕಡೆ ಗಮ್ ಕೊಟ್ಟರೂ ಯಂತ್ರ ಕೊಟ್ಟರೂ ಆ ಹುಡುಗ ಹಿತ್ತಲಿಗೇ ಹೋಗುತ್ತಾನೆ. ಪಾಳಿಯ ನಡುವೆ ಅರ್ಧ ಗಂಟೆಯ ವಿರಾಮದ ಮಾತು ಕಾನೂನಿನಲ್ಲೇ ಇದೆ. ಅದನ್ನು ಸೇದುವವರು, ಸೇದದವರು ಎಂಬ ಭೇದವಿಲ್ಲದೆ ಕೊಡಬೇಕೆಂದು ಮಾಲಕರಿಗೆ ಬರೆದ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಸಹಿ ಹಾಕಿ, ಹೆಬ್ಬೆಟ್ಟಾದರೂ ಆದೀತು. ಗಮ್ ಅಗಿಯುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಗಳೂ ಅಲ್ಲೇ ಇವೆ, ಖೋಲಿಗೊಂದರಂತೆ ತೆಗೆದುಕೊಂಡು ಹೋಗಿ.